ಆ ಮನೆ ಯಾವ ಇಲಾಖೆಗೆ ಸೇರಿದ್ದು?

ಕೆಡಿಪಿ ಸಭೆಯ ವಿಶುವಲ್ಸ್ ಬಂತು ಅಂದರೆ, ಯಾವ ತುಂಡು ಕಟ್ ಮಾಡಿ ಹಾಕಬೇಕು ಅನ್ನೋದು ನ್ಯೂಸ್‌ರೂಮ್‌ನಲ್ಲಿ ಎಲ್ಲರಿಗೂ ಗೊತ್ತು. ಸಚಿವರು ಬೆರಳು ತೋರಿಸಿ, ‘ಏನ್ರೀ, ಏನ್ ಕೆಲಸ ಮಾಡ್ತಿದೀರಿ ನೀವು?’ ಅನ್ನುವ ಇಪ್ಪತ್ತು ಸೆಕೆಂಡ್. ಕೆಳಗೆ ಕೆಂಪು ಪಟ್ಟಿಯಲ್ಲಿ ‘ಅಧಿಕಾರಿಗಳಿಗೆ ಸಚಿವರ ಫುಲ್ ಕ್ಲಾಸ್’. ಮುಗೀತು. ಆ ಸಭೆ ಯಾಕೆ ನಡೆಯುತ್ತೆ, ಅಷ್ಟೊಂದು ಇಲಾಖೆಯವರು ಫೈಲ್ ಹಿಡಿದುಕೊಂಡು ಸಾಲಾಗಿ ಯಾಕೆ ಕೂತಿರ್ತಾರೆ ಅನ್ನೋದನ್ನು ಯಾವ ಚಾನೆಲ್ಲೂ ಹೇಳಲ್ಲ. ಅದಕ್ಕೆ ಟಿಆರ್‌ಪಿ ಇಲ್ಲ. ಇವತ್ತು ಅದನ್ನೇ ಮಾತಾಡೋಣ.

ಕೆಡಿಪಿ ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನೆ. ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರು, ತಾಲ್ಲೂಕಿನಲ್ಲಿ ಶಾಸಕರು ಮುಂದೆ ಕೂತು, ಎಲ್ಲ ಇಲಾಖೆಗಳ ಲೆಕ್ಕ ಕೇಳುವ ಜಾಗ. ಇದು ಸಾಲದು ಅಂತ ಕೇಂದ್ರದ ಯೋಜನೆಗಳಿಗೆ ಸಂಸದರ ಅಧ್ಯಕ್ಷತೆಯ ‘ದಿಶಾ’ ಸಮಿತಿ 2016ರಿಂದ ಇದೆ. ರಾಯಚೂರು, ಯಾದಗಿರಿಯವರಿಗೆ ಇನ್ನೊಂದು ಹೆಚ್ಚುವರಿ: 2018ರಲ್ಲಿ ಶುರುವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮ. ದೇಶದಲ್ಲಿ ಅಂಥ ಜಿಲ್ಲೆ 112, ಅಳೆಯುವ ಸೂಚಕ 49. ಹೆಸರು ಬೇರೆ ಬೇರೆ, ಹಿಂದಿರುವ ತಿಳಿವಳಿಕೆ ಒಂದೇ. ಬಡತನ ಅನ್ನೋದು ಒಂದು ಇಲಾಖೆಯ ಕೈಯಲ್ಲಿ ಮುಗಿಯುವ ಕೆಲಸ ಅಲ್ಲ.

ಬಡತನವನ್ನು ಅಳೆಯುವ ರೀತಿ ನೋಡಿದರೂ ಇದು ಅರ್ಥವಾಗುತ್ತೆ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ದುಡ್ಡನ್ನು ಲೆಕ್ಕ ಹಾಕೋದೇ ಇಲ್ಲ. 12 ಪ್ರಶ್ನೆ ಕೇಳುತ್ತೆ. ಮನೆಯಲ್ಲಿ ಪೌಷ್ಟಿಕತೆ ಇದೆಯಾ, ಮಗು ತೀರಿಕೊಂಡಿದೆಯಾ, ಬಸುರಿ ಬಾಣಂತಿಗೆ ಆರೈಕೆ ಸಿಕ್ಕಿತಾ, ಎಷ್ಟು ವರ್ಷ ಓದಿದ್ದಾರೆ, ಮಕ್ಕಳು ಶಾಲೆಗೆ ಹೋಗ್ತಾರಾ, ಒಲೆಗೆ ಏನು, ಶೌಚಾಲಯ, ನೀರು, ಕರೆಂಟು, ಮನೆ, ಸಾಮಾನು, ಬ್ಯಾಂಕ್ ಖಾತೆ. ಈ ಲೆಕ್ಕದಲ್ಲಿ ಕರ್ನಾಟಕದ ಬಡವರ ಪ್ರಮಾಣ 2015–16ರಲ್ಲಿ ಶೇ 12.77 ಇದ್ದದ್ದು 2019–21ರ ಹೊತ್ತಿಗೆ ಶೇ 7.58ಕ್ಕೆ ಇಳಿದಿದೆ. ದೇಶದ್ದು ಶೇ 24.85ರಿಂದ 14.96ಕ್ಕೆ. ಇಳಿದದ್ದು ಸಂತೋಷವೇ. ಆದರೆ ಈ ಹನ್ನೆರಡನ್ನು ಎದುರಿಗಿಟ್ಟುಕೊಂಡು, ಯಾವುದು ಯಾವ ಇಲಾಖೆಯದು ಅಂತ ಪಕ್ಕದಲ್ಲಿ ಬರೆಯುತ್ತಾ ಹೋಗಿ. ಅರ್ಧದಷ್ಟಾದರೂ ನನ್ನದು ಅಂತ ಹೇಳಬಲ್ಲ ಇಲಾಖೆ ವಿಧಾನಸೌಧದಲ್ಲಿ ಒಂದೂ ಸಿಗಲ್ಲ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸುರಪುರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಅತ್ತೆ, ಸೊಸೆ, ಎರಡು ಮಕ್ಕಳು. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ, ಕಟ್ಟಡ ಕೆಲಸಕ್ಕೆ. ಅತ್ತೆಗೆ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ, ಅದು ಕಂದಾಯ ಇಲಾಖೆ. ಅಕ್ಕಿ ಆಹಾರ ಇಲಾಖೆ. ಗೃಹಲಕ್ಷ್ಮಿಯ 2,000 ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಚಿಕ್ಕ ಮಗುವಿನ ಅಂಗನವಾಡಿಯೂ ಅವರದೇ. ದೊಡ್ಡವನ ಹಾಸ್ಟೆಲ್, ಸ್ಕಾಲರ್‌ಶಿಪ್ ಸಮಾಜ ಕಲ್ಯಾಣ. ಅದಕ್ಕೆ ಬೇಕಾದ ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿ. ಮನೆ ಮಂಜೂರಾತಿ ವಸತಿ ಇಲಾಖೆ, ಆದರೆ ಹೆಸರು ಆಯ್ಕೆ ಆಗಬೇಕಾದದ್ದು ಗ್ರಾಮಸಭೆಯಲ್ಲಿ. ಉಚಿತ ಕರೆಂಟು ಜೆಸ್ಕಾಂ. ಗಂಡನ ಲೇಬರ್ ಕಾರ್ಡ್ ಕಾರ್ಮಿಕ ಇಲಾಖೆ, ಅದೂ ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದ್ದಾನೆ ಅಂತ ಯಾರಾದರೂ ಬರೆದುಕೊಟ್ಟರೆ.

ಕೆಲವರು ಇದನ್ನು ನೋಡಿ, ‘ಎಷ್ಟೊಂದು ಫ್ರೀ!’ ಅಂತಾರೆ. ನನಗೆ ಕಾಣೋದು ಎಷ್ಟೊಂದು ಬಾಗಿಲು ಅಂತ. ಕೂಲಿ ಮಾಡುವವರಿಗೆ ಒಂದು ಬಾಗಿಲು ಅಂದರೆ ಒಂದು ದಿನದ ಕೂಲಿ, ಜೊತೆಗೆ ಆಟೋ ಚಾರ್ಜು, ಜೆರಾಕ್ಸು, ಸೈಬರ್ ಅಂಗಡಿಯವನಿಗೆ ಐವತ್ತೋ ನೂರೋ.

ಆ ಅತ್ತೆ ತೀರಿಕೊಂಡರು ಅಂದುಕೊಳ್ಳಿ. ರೇಷನ್ ಕಾರ್ಡ್‌ನಲ್ಲಿ ಮನೆಯ ಯಜಮಾನಿ ಅಂತ ಇದ್ದದ್ದು ಅವರ ಹೆಸರು. ಪಿಂಚಣಿ ನಿಲ್ಲುತ್ತೆ, ಅದು ಸರಿ. ಗೃಹಲಕ್ಷ್ಮಿಯೂ ನಿಲ್ಲುತ್ತೆ, ಯಾಕೆಂದರೆ ಅದು ಕಾರ್ಡ್‌ನಲ್ಲಿರುವ ಯಜಮಾನಿಗೆ ಬರುವ ಹಣ. ಸೊಸೆ ಮರಣ ಪ್ರಮಾಣಪತ್ರ ತರಬೇಕು, ಕಾರ್ಡ್‌ನಲ್ಲಿ ಯಜಮಾನಿಯ ಹೆಸರು ಬದಲಾಯಿಸಬೇಕು, ಆಮೇಲೆ ಗೃಹಲಕ್ಷ್ಮಿಗೆ ತಾನು ಹೊಸದಾಗಿ ಅರ್ಜಿ ಹಾಕಬೇಕು. ಕಾರ್ಡ್ ತಿದ್ದುಪಡಿಗೆ ಹೋದರೆ, ‘ಸರ್ವರ್ ಓಪನ್ ಇಲ್ಲ ಬಾಯಿ, ಮುಂದಿನ ವಾರ ಬಾ’. ಈ ಮಾತನ್ನು ಕೇಳದ ಹಳ್ಳಿ ಕರ್ನಾಟಕದಲ್ಲಿ ಇದೆಯಾ?

ಇಲ್ಲಿ ಗಮನಿಸಿ. ಯಾವ ಇಲಾಖೆಯೂ ತಪ್ಪು ಮಾಡಿಲ್ಲ. ಕಂದಾಯದವರು ನಿಯಮದ ಪ್ರಕಾರ ನಿಲ್ಲಿಸಿದರು. ಮಹಿಳಾ ಇಲಾಖೆಯವರದೂ ನಿಯಮವೇ. ಆಹಾರ ಇಲಾಖೆಯವರು ತಿದ್ದುಪಡಿ ಅವಕಾಶ ಕೊಟ್ಟಾಗ ಬನ್ನಿ ಅಂದರು. ಎಲ್ಲರ ಫೈಲೂ ಸರಿಯಾಗಿದೆ. ಆ ಮನೆಗೆ ಮಾತ್ರ ಒಂದೇ ತಿಂಗಳಲ್ಲಿ 3,200 ರೂಪಾಯಿ ನಿಂತು ಹೋಯ್ತು. ಈಗ ಕೆಡಿಪಿ ಸಭೆಯಲ್ಲಿ ಸಚಿವರು ಯಾರಿಗೆ ಕ್ಲಾಸ್ ತಗೋಬೇಕು?

ಗೃಹಲಕ್ಷ್ಮಿ ಬಗ್ಗೆ ಒಂದು ಫೋನ್-ಇನ್ ಕಾರ್ಯಕ್ರಮ ಮಾಡಿದ್ದೆ. ದುಡ್ಡು ಸಾಲಲ್ಲ, ಜಾಸ್ತಿ ಮಾಡಿ ಅಂತ ಕರೆ ಬರಬಹುದು ಅಂದುಕೊಂಡಿದ್ದೆವು. ಬಂದ ಕರೆಗಳಲ್ಲಿ ಹೆಚ್ಚಿನವು ಕೇಳಿದ್ದು, ‘ಸರ್, ಇದನ್ನ ಯಾರ ಹತ್ರ ಕೇಳಬೇಕು?’ ಅಂತ. ಬ್ಯಾಂಕಿನವರು ಅಂಗನವಾಡಿ ಟೀಚರ್ ಕಡೆ ಕಳಿಸಿದ್ದರು, ಅವರು ತಾಲ್ಲೂಕು ಕಚೇರಿಗೆ, ಅವರು ಮತ್ತೆ ಬ್ಯಾಂಕಿಗೆ.

ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಟಿವಿ. ಇಂಥ ಸಮಸ್ಯೆ ನೋಡಿದ ತಕ್ಷಣ ನಮ್ಮ ಬ್ಯಾಚ್‌ನ ಯಾರೇ ಆದರೂ ಹೇಳೋದು ಒಂದೇ: ಎಲ್ಲ ಡೇಟಾಬೇಸ್ ಜೋಡಿಸಿ ಸ್ವಾಮಿ! ಸರ್ಕಾರ ಅದನ್ನು ಮಾಡಿದೆ. ‘ಕುಟುಂಬ’ ಅನ್ನುವ ವ್ಯವಸ್ಥೆ ಇದೆ. ರೇಷನ್ ಕಾರ್ಡ್ ಇರುವವರಿಗೆ ಅದರ ನಂಬರೇ ಕುಟುಂಬದ ಗುರುತು ಸಂಖ್ಯೆ. ಒಂದು ಇಲಾಖೆ ಆ ಸಂಖ್ಯೆ ಹಾಕಿದರೆ ಮನೆಯಲ್ಲಿ ಯಾರಿದ್ದಾರೆ, ಜಾತಿ ಏನು, ಆದಾಯ ಎಷ್ಟು ಅನ್ನೋದು ಬೇರೆ ಇಲಾಖೆಯ ದಾಖಲೆಯಿಂದ ಬರುತ್ತೆ. ಕಾಗದ ಕಡಿಮೆ, ಅಲೆದಾಟ ಕಡಿಮೆ. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಜೋಡಿಸಿದ ಮೇಲೆ ಹೊಸ ತೊಂದರೆ ಒಂದು ಹುಟ್ಟುತ್ತೆ. ಮೊದಲು ಎಂಟು ಪಟ್ಟಿ ಇದ್ದವು. ಒಂದರಲ್ಲಿ ನಿಮ್ಮ ಹೆಸರು ತಪ್ಪಾದರೆ ಒಂದು ಸೌಲಭ್ಯ ಹೋಗುತ್ತಿತ್ತು, ಉಳಿದ ಏಳು ಬದುಕಿರುತ್ತಿದ್ದವು. ಈಗ ಎಂಟೂ ಒಂದೇ ಗೂಟಕ್ಕೆ ಕಟ್ಟಿದ ದನ ಇದ್ದಂತೆ. ಗೂಟ ಕಿತ್ತರೆ ಎಲ್ಲವೂ ಹೋದವು. ಆ ಗೂಟ ರೇಷನ್ ಕಾರ್ಡು. ಅಕ್ಕಿ ಬಿಡಿ, ಆಸ್ಪತ್ರೆಯಲ್ಲೂ ಅದೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ವೆಚ್ಚದ ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಕಾರ್ಡಿನ ಮೇಲಿನ ಒಂದು ಅಕ್ಷರ ಬದಲಾದರೆ ಇಷ್ಟು ಬದಲಾಗುತ್ತೆ.

2024ರ ನವೆಂಬರ್ ನೆನಪಿದೆಯಲ್ಲ? ಅನರ್ಹರ ಬಿಪಿಎಲ್ ಕಾರ್ಡ್ ತೆಗೆಯುತ್ತೇವೆ ಅಂತ ಹೊರಟು, ಎಪಿಎಲ್‌ಗೆ ಹೋದವರಲ್ಲಿ ನಿಜವಾದ ಬಡವರೂ ಇದ್ದಾರೆ ಅಂತ ಗಲಾಟೆ ಎದ್ದು, ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯ್ತು. ನಾವೂ ಮೂರು ದಿನ ಅದನ್ನೇ ಬಡಿದೆವು. ಅನರ್ಹರನ್ನು ತೆಗೆಯಬಾರದು ಅಂತ ನಾನು ಹೇಳಲ್ಲ. ಕಾರಿಟ್ಟುಕೊಂಡು ಬಿಪಿಎಲ್ ಅಕ್ಕಿ ಒಯ್ಯುವವರನ್ನು ನೀವೂ ನೋಡಿದ್ದೀರಿ. ಆದರೆ ಇಲ್ಲಿ ಎರಡು ಬಗೆಯ ತಪ್ಪು ಇವೆ. ಸಿಗಬಾರದವನಿಗೆ ಸಿಗೋದು ಒಂದು. ಸಿಗಬೇಕಾದವನಿಗೆ ಸಿಗದೇ ಇರೋದು ಇನ್ನೊಂದು. ಮೊದಲನೆಯದಕ್ಕೆ ಆಡಿಟ್ ಆಕ್ಷೇಪಣೆ ಬರುತ್ತೆ, ಅಧಿಕಾರಿಗೆ ನೋಟಿಸ್ ಬರುತ್ತೆ, ನಮ್ಮಲ್ಲಿ ಬ್ರೇಕಿಂಗ್ ನ್ಯೂಸ್ ಬರುತ್ತೆ. ಎರಡನೆಯದಕ್ಕೆ ನೋಟಿಸ್ ಬಂದದ್ದನ್ನು ನಾನಂತೂ ಕಂಡಿಲ್ಲ. ಹಾಗಿರುವಾಗ ಕೆಳಗಿನ ಅಧಿಕಾರಿ ಯಾವ ತಪ್ಪಿಗೆ ಹೆದರುತ್ತಾನೆ, ನೀವೇ ಹೇಳಿ.

ಎರಡನೆಯ ತಪ್ಪಿನ ಬೆಲೆ ಏನು ಅಂತ ಗೋಕರ್ಣದಲ್ಲಿ ಒಮ್ಮೆ ಚರ್ಚೆ ಆಗಿತ್ತು. 2017ರ ಜುಲೈ. ಒಂದು ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆ ಆಗಿಲ್ಲ ಅಂತ ತಿಂಗಳುಗಟ್ಟಲೆ ರೇಷನ್ ನಿಂತಿತ್ತು, ಇದು ಹಸಿವಿನ ಸಾವು ಅಂತ ಮಾನವ ಹಕ್ಕು ಸಂಘಟನೆಯವರು ವರದಿ ಕೊಟ್ಟರು. ಹಸಿವಲ್ಲ, ಕುಡಿತ ಅಂತ ಸರ್ಕಾರದ ಕಡೆಯವರು ಹೇಳಿದರು. ಯಾರು ಸರಿ ಅಂತ ತೀರ್ಪು ಕೊಡುವ ಜಾಗದಲ್ಲಿ ನಾನಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಕುಡಿತವೇ ಕಾರಣ ಅಂತ ಇಟ್ಟುಕೊಂಡರೂ, ಆ ಮನೆಯ ಕಾರ್ಡ್ ನಿಂತ ದಿನವೇ ಯಾರಾದರೂ ಒಬ್ಬರು ಬಾಗಿಲು ತಟ್ಟಿ, ಯಾಕಪ್ಪಾ ನಿಂತಿದೆ ಅಂತ ಕೇಳಬೇಕಿತ್ತಲ್ಲ? ಅದು ಯಾರ ಡ್ಯೂಟಿ? ಆಹಾರ ಇಲಾಖೆಯದು ಅಕ್ಕಿ ಕೊಡುವ ಡ್ಯೂಟಿ. ಆಶಾ ಕಾರ್ಯಕರ್ತೆ ಬರೋದು ಬಸುರಿ ಬಾಣಂತಿ ಇದ್ದರೆ. ಪಿಡಿಒಗೆ ತನ್ನದೇ ನೂರು ಕೆಲಸ.

ಸರಿ, ಬೇರೆ ದಾರಿ ಇದೆಯಾ? ಪಕ್ಕದ ಕೇರಳದವರು ಒಂದು ಪ್ರಯತ್ನ ಮಾಡಿದರು. 2021ರಲ್ಲಿ ಪಿಣರಾಯಿ ವಿಜಯನ್ ಎರಡನೇ ಸಲ ಮುಖ್ಯಮಂತ್ರಿ ಆದಾಗ ಮೊದಲ ಸಂಪುಟ ಸಭೆಯಲ್ಲೇ ತೀರ್ಮಾನ ಆಯ್ತು: ರಾಜ್ಯದ ಕಡುಬಡವರನ್ನು ಹುಡುಕಿ ಹೊರತರೋದು. ಗಮನಿಸಿ, ಅರ್ಜಿ ಕರೆಯಲಿಲ್ಲ. ಕೇರಳದಲ್ಲಿ 1998ರಿಂದ ಮನೆಮನೆಯ ಹೆಂಗಸರ ಸಂಘಗಳ ‘ಕುಟುಂಬಶ್ರೀ’ ಜಾಲ ಇದೆ. ಆ ಹೆಂಗಸರು, ಪಂಚಾಯಿತಿ ಸದಸ್ಯರು, ವಾರ್ಡಿನವರು ಸೇರಿ ಹುಡುಕಿದರು. ಊಟ, ಆರೋಗ್ಯ, ಆದಾಯ, ಸೂರು, ಈ ನಾಲ್ಕನ್ನು ನೋಡಿದರು. ಮೊದಲು ಬಂದ ಹೆಸರು ಒಂದು ಲಕ್ಷಕ್ಕೂ ಹೆಚ್ಚು, ಸೋಸಿ ಸೋಸಿ ಗ್ರಾಮಸಭೆಯಲ್ಲಿ ಇಟ್ಟ ಮೇಲೆ ಉಳಿದದ್ದು 64,006 ಕುಟುಂಬ.

ಆಮೇಲೆ ಮಾಡಿದ್ದು ನನಗೆ ಇಷ್ಟವಾದ ಭಾಗ. ಒಂದೊಂದು ಕುಟುಂಬಕ್ಕೆ ಒಂದೊಂದು ಯೋಜನೆ ಬರೆದರು, ಮೈಕ್ರೋ ಪ್ಲಾನ್ ಅಂತ. ತಕ್ಷಣ ಏನು ಬೇಕು, ಕೆಲವು ತಿಂಗಳಲ್ಲಿ ಏನು ಆಗಬೇಕು, ದೂರದಲ್ಲಿ ಏನು. ಒಬ್ಬ ಒಂಟಿ ಮುದುಕನಿಗೆ ಬೇಕಿರೋದು ಎರಡು ಹೊತ್ತಿನ ಊಟ ಮತ್ತು ಮಾತ್ರೆ, ಅವನಿಗೆ ಸಾಲ ಮೇಳದಿಂದ ಏನೂ ಉಪಯೋಗ ಇಲ್ಲ. ಹಾಗಾಗಿ ಇಲಾಖೆಗಳು ತಮ್ಮ ಸ್ಕೀಮ್ ಹಿಡಿದುಕೊಂಡು ಫಲಾನುಭವಿಯನ್ನು ಹುಡುಕಲಿಲ್ಲ. ಮನೆಯ ಹಾಳೆ ಮೊದಲು ತಯಾರಾಯ್ತು, ಆ ಹಾಳೆಗೆ ಯಾವ ಇಲಾಖೆ ಏನು ಕೊಡಬೇಕು ಅಂತ ಆಮೇಲೆ ತುಂಬಿದರು. ಹಾಳೆ ಹಿಡಿದುಕೊಂಡದ್ದು ಸ್ಥಳೀಯ ಸಂಸ್ಥೆ. ಇದೇನು ಜಗತ್ತಿಗೇ ಹೊಸದಲ್ಲ. ಚಿಲಿ ದೇಶದವರು 2002ರಲ್ಲೇ ಬಡ ಕುಟುಂಬಗಳ ಮನೆಗೆ ಸಮಾಜ ಕಾರ್ಯಕರ್ತರನ್ನು ಕಳಿಸಿ, ಮನೆಯಲ್ಲಿ ಇರಲೇಬೇಕಾದ 53 ಕನಿಷ್ಠ ಸಂಗತಿಗಳನ್ನು ಒಂದೊಂದಾಗಿ ಟಿಕ್ ಮಾಡಿಸಿದ್ದರು.

ಕೇರಳದ ಪಟ್ಟಿಯಲ್ಲಿ ಒಂದು ಸಂಖ್ಯೆ ನನ್ನನ್ನು ಹಿಡಿದು ನಿಲ್ಲಿಸಿತು. 21,263 ಜನರಿಗೆ ಆಧಾರ್, ರೇಷನ್ ಕಾರ್ಡ್ ಥರದ ಅಗತ್ಯ ದಾಖಲೆಗಳನ್ನೇ ಮೊದಲು ಮಾಡಿಸಿಕೊಡಬೇಕಾಯ್ತು. ಅಷ್ಟು ಓದಿದ ರಾಜ್ಯದಲ್ಲಿ! ಆ ಅಭಿಯಾನದ ಹೆಸರು ‘ಅವಕಾಶಂ ಅತಿವೇಗಂ’. ಮಲಯಾಳಂನಲ್ಲಿ ಅವಕಾಶ ಅಂದರೆ ಹಕ್ಕು. ನಮ್ಮಲ್ಲಿ ಅದೇ ಪದಕ್ಕೆ ಚಾನ್ಸ್ ಅನ್ನುವ ಅರ್ಥ. ಯೋಚಿಸಿ ನೋಡಿ, ರೇಷನ್ ಕಾರ್ಡ್ ವಿಷಯದಲ್ಲಿ ನಮ್ಮ ಅರ್ಥವೇ ನಡೆಯುತ್ತಿದೆ. ದಾಖಲೆ ಆದಮೇಲೆ ಉಳಿದದ್ದು: 3,913 ಮನೆ, 1,338 ಕುಟುಂಬಕ್ಕೆ ಜಾಗ, 5,651 ಮನೆ ದುರಸ್ತಿ. 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ (ಅವರದೂ ಅದೇ ದಿನ), ಕಡುಬಡತನ ಮುಕ್ತ ರಾಜ್ಯ ಅಂತ ಘೋಷಣೆ ಆಯ್ತು.

ಘೋಷಣೆಯನ್ನು ನಾನು ಹಾಗೆಯೇ ನುಂಗಲ್ಲ, ನೀವೂ ನುಂಗಬೇಡಿ. ವಿರೋಧ ಪಕ್ಷದವರು ಸದನದಿಂದ ಎದ್ದು ಹೋದರು. ಅದು ರಾಜಕೀಯ ಅನ್ನಿ. ಆದರೆ ಅರ್ಥಶಾಸ್ತ್ರಜ್ಞರೂ ಕೇಳಿದರು, ಯಾವ ಮಾನದಂಡ, ಯಾವ ಅಧ್ಯಯನ, ಲಕ್ಷಾಂತರ ಅಂತ್ಯೋದಯ ಕಾರ್ಡುದಾರರು ಇರುವಾಗ ಕಡುಬಡವರು ಅರವತ್ತು ಸಾವಿರ ಮಾತ್ರ ಹೇಗೆ ಅಂತ. ನ್ಯಾಯವಾದ ಪ್ರಶ್ನೆಯೇ. ಪ್ರಶ್ನೆಪತ್ರಿಕೆ ತಯಾರಿಸಿದ್ದು ಸರ್ಕಾರ, ಉತ್ತರ ಬರೆದದ್ದು ಸರ್ಕಾರ, ಮಾರ್ಕ್ಸ್ ಹಾಕಿಕೊಂಡದ್ದೂ ಸರ್ಕಾರ. ಜೊತೆಗೆ ಚುನಾವಣೆ ಹತ್ತಿರ ಇತ್ತು. ಹಾಗಾಗಿ ‘ಮುಕ್ತ’ ಅನ್ನುವ ಪದವನ್ನು ಪಕ್ಕಕ್ಕೆ ಇಡೋಣ. ಒಂದು ಮನೆ, ಒಂದು ಹಾಳೆ, ಅದಕ್ಕೆ ಒಬ್ಬ ಹೊಣೆಗಾರ ಅನ್ನುವ ಕ್ರಮ ಇದೆಯಲ್ಲ, ಅದನ್ನು ಎತ್ತಿಕೊಳ್ಳೋಣ.

ಎತ್ತಿಕೊಳ್ಳಲು ನಮಗೆ ಏನು ಅಡ್ಡಿ? ದುಡ್ಡು ಅಂತಾರೆ. ದುಡ್ಡಲ್ಲ. ದುಡ್ಡಿನ ವಿಷಯದಲ್ಲಿ ನಮ್ಮಲ್ಲಿ ಕಾನೂನೇ ಇದೆ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರ ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟು ಯೋಜನಾ ಹಣವನ್ನು ಅವರಿಗಾಗಿ ಎತ್ತಿಡಬೇಕು. ಮುಖ್ಯಮಂತ್ರಿ ಅಧ್ಯಕ್ಷತೆಯಲ್ಲಿ ಪರಿಷತ್ತು ಇದೆ, ಸಮಾಜ ಕಲ್ಯಾಣ ಇಲಾಖೆ ನೋಡಲ್. ಒಂದು ರಸ್ತೆ ಹಾಕಿ, ಅದರ ಮೇಲೆ ದಲಿತರೂ ಓಡಾಡ್ತಾರೆ ಅಂತ ಲೆಕ್ಕ ತೋರಿಸಲು ದಾರಿ ಮಾಡಿಕೊಟ್ಟಿದ್ದ 7(ಡಿ) ಕಲಮನ್ನು ತೆಗೆದದ್ದೂ ಆಗಿದೆ. ಆದರೂ 2023–24ರಲ್ಲಿ ಈ ನಿಧಿಯ 11 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿ ಯೋಜನೆಗಳಿಗೆ ಹೋಯ್ತು ಅಂತ ಜಗಳ ಶುರುವಾಯ್ತು. ಗ್ಯಾರಂಟಿ ಪಡೆಯುವವರಲ್ಲಿ ಆ ಸಮುದಾಯದವರೂ ಇದ್ದಾರಲ್ಲ, ಅವರ ಪಾಲು ಅಷ್ಟೇ ಅಂತ ಸರ್ಕಾರ. ಇದು ಆ ರಸ್ತೆ ಲೆಕ್ಕವೇ ಅಂತ ಟೀಕಾಕಾರರು. ನನಗೆ ಟೀಕಾಕಾರರ ಮಾತು ಸರಿ ಅನ್ನಿಸುತ್ತೆ. ಎಲ್ಲರಿಗೂ ಸಿಗೋದನ್ನೇ ಹಿಂದೆ ಬಿದ್ದವರಿಗೆ ಎತ್ತಿಟ್ಟದ್ದು ಅಂತ ಕರೆದರೆ ಅವರು ಹಿಂದೆಯೇ ಉಳೀತಾರೆ. ಆದರೆ ಈ ಜಗಳ ಪೂರ್ತಿ ಯಾವ ಲೆಕ್ಕ ಶೀರ್ಷಿಕೆ ಅನ್ನುವುದರ ಸುತ್ತಲೇ ಇದೆ. ಸುರಪುರದ ಆ ಸೊಸೆ ಇದರಲ್ಲಿ ಎಲ್ಲೂ ಬರಲ್ಲ.

ನಿಜವಾದ ಅಡ್ಡಿ, ಹಾಳೆ ಹಿಡಿದುಕೊಳ್ಳುವ ಕೈ ನಮ್ಮಲ್ಲಿ ಇಲ್ಲದೇ ಇರೋದು. ಒಂದು ಕಾಲದಲ್ಲಿ ಇತ್ತು. ಅಬ್ದುಲ್ ನಜೀರ್ ಸಾಬ್ ಹೆಸರು ಹಳಬರಿಗೆ ನೆನಪಿರುತ್ತೆ, ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅವರು ತಂದ 1983ರ ಕಾಯ್ದೆ, 1987ರಲ್ಲಿ ನಡೆದ ಚುನಾವಣೆ. ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಅಂತ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಯನ್ನು ಕೂರಿಸಿದರು. ಅಭಿವೃದ್ಧಿ ಇಲಾಖೆಗಳ ಜಿಲ್ಲಾ ಅಧಿಕಾರಿಗಳು ಜನ ಆರಿಸಿದ ಅಧ್ಯಕ್ಷರ ಕೈಕೆಳಗೆ ಬಂದರು. ಶಾಲೆ, ಆಸ್ಪತ್ರೆ, ನೀರು, ಕೃಷಿ ಒಂದೇ ಮೇಜಿಗೆ. ದೇಶದ ಬೇರೆ ರಾಜ್ಯದವರು ಆಗ ನಮ್ಮನ್ನು ನೋಡಿ ಕಲಿಯಲು ಬರುತ್ತಿದ್ದರು.

ಅದೇ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯ್ತು. ಎರಡು ಪಕ್ಷದ ಸರ್ಕಾರಗಳೂ ಇದರಲ್ಲಿ ಸಮಪಾಲು. ಮೇಜು ಇದೆ, ಕುರ್ಚಿಯಲ್ಲಿ ಆರಿಸಿ ಬಂದವರಿಲ್ಲ. ಹಾಗಾಗಿ ಜಿಲ್ಲೆಯ ಎಲ್ಲ ಇಲಾಖೆಗಳನ್ನೂ ಒಟ್ಟಿಗೆ ಕೂರಿಸಿ ಕೇಳುವ ಕೆಲಸ ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ ಬೆಂಗಳೂರಿನಿಂದ ಬರುವ ಉಸ್ತುವಾರಿ ಸಚಿವರ ಪಾಲಿಗೆ ಬಂದಿದೆ. ಸಚಿವರ ಕೈಗೆ ಸಿಗೋದು ಇಲಾಖಾವಾರು ಪ್ರಗತಿ ವರದಿ. ಗುರಿ ಇಷ್ಟು, ಸಾಧನೆ ಇಷ್ಟು, ಶೇಕಡಾ ಇಷ್ಟು. ಶೇ 96 ಅಂತ ಇದ್ದರೆ ಮುಂದಿನ ಇಲಾಖೆ. ಉಳಿದ ಶೇ 4 ಯಾರು? ಪಿಂಚಣಿಯ ಶೇ 4, ಅಕ್ಕಿಯ ಶೇ 4, ಹಾಸ್ಟೆಲ್‌ನ ಶೇ 4, ಇವೆಲ್ಲ ಬೇರೆ ಬೇರೆ ಮನೆಗಳಾ, ಇಲ್ಲ ಅದೇ ಮನೆಗಳು ಎಲ್ಲ ಪಟ್ಟಿಯಿಂದಲೂ ಹೊರಗಿವೆಯಾ? ಈ ಒಂದು ಪ್ರಶ್ನೆಗೆ ಆ ಸಭೆಯಲ್ಲಿ ಯಾರ ಫೈಲ್‌ನಲ್ಲೂ ಉತ್ತರ ಇರಲ್ಲ. ‘ಕುಟುಂಬ’ ದತ್ತಾಂಶದ ಮೇಲೆ ಒಂದು ಸಂಜೆ ಕೂತರೆ, ಕಾರ್ಡ್ ಇರುವವರ ಮಟ್ಟಿಗಾದರೂ ಉತ್ತರ ತೆಗೆಯಬಹುದು. ಈ ತಿಂಗಳು ಯಾವ ಮನೆಗೆ ಎರಡಕ್ಕಿಂತ ಹೆಚ್ಚು ಸೌಲಭ್ಯ ಒಟ್ಟಿಗೆ ನಿಂತಿದೆ ಅಂತ ಪಂಚಾಯಿತಿವಾರು ಪಟ್ಟಿ ತೆಗೆದು ಪಿಡಿಒ ಕೈಗೆ ಕೊಡೋದು ಕಷ್ಟದ ಪ್ರೋಗ್ರಾಮಿಂಗ್ ಅಲ್ಲ, ನಮ್ಮ ಕಾಲೇಜಿನ ಮಿನಿ ಪ್ರಾಜೆಕ್ಟ್ ಅಷ್ಟೇ. ಪಟ್ಟಿ ಹಿಡಿದು ಆ ಮನೆಗೆ ಹೋಗಿ ಬರಬೇಕಾದವರು ಯಾರು ಅಂತ ಆದೇಶದಲ್ಲಿ ಬರೆಯೋದೇ ಕಷ್ಟದ ಭಾಗ.

ಕಾರ್ಡೇ ಇಲ್ಲದವರ ವಿಷಯ ಇನ್ನೂ ಬೇರೆ. ಆಹಾರ ಭದ್ರತಾ ಕಾಯ್ದೆಯಲ್ಲಿ ರಾಜ್ಯಕ್ಕೆ ಎಷ್ಟು ಜನರ ಪಾಲು ಅನ್ನೋದು ಇನ್ನೂ 2011ರ ಜನಗಣತಿಯ ಲೆಕ್ಕದಲ್ಲೇ ನಿಂತಿದೆ. ಆಮೇಲೆ ಹುಟ್ಟಿದವರು, ಬೇರೆ ಸಂಸಾರ ಹೂಡಿದವರು ಆ ಲೆಕ್ಕದೊಳಗೆ ಜಾಗ ಮಾಡಿಕೊಂಡು ನುಗ್ಗಬೇಕು.

ಕೇರಳದ 64,006ರ ಲೆಕ್ಕಕ್ಕೆ ಬರ್ತೀನಿ. ಘೋಷಣೆ ಹೊತ್ತಿಗೆ ಅದರಲ್ಲಿ 4,421 ಕುಟುಂಬಗಳವರು ತೀರಿಕೊಂಡಿದ್ದರು. ಹೆಚ್ಚಿನವರು ಒಂಟಿಯಾಗಿದ್ದವರು. 47 ಹೆಸರು ಎರಡೆರಡು ಸಲ ಬಂದಿದ್ದವು. ಇನ್ನು 261 ಕುಟುಂಬಗಳು ಅಲೆಮಾರಿಗಳದ್ದು. ಪಟ್ಟಿ ಮಾಡುವಾಗ ಇದ್ದರು, ಸೌಲಭ್ಯ ಹಿಡಿದುಕೊಂಡು ಹೋದಾಗ ಅಲ್ಲಿರಲಿಲ್ಲ. ಆ 261 ಅನ್ನು ಅವರು ಪುಸ್ತಕದಲ್ಲಿ ಬರೆದಿಟ್ಟರು, ಸಿಕ್ಕಿಲ್ಲ ಅಂತ. ನಮ್ಮಲ್ಲಿ ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ದೊಂಬರು ಊರಾಚೆ ಟೆಂಟು ಹಾಕಿಕೊಂಡಿರೋದನ್ನು ನೀವು ನೋಡಿರ್ತೀರಿ. ಅರ್ಜಿ ನಮೂನೆಯಲ್ಲಿ ಕಾಯಂ ವಿಳಾಸ ಅನ್ನುವ ಜಾಗಕ್ಕೆ ಬಂದಾಗ ಅವರ ಪೆನ್ನು ನಿಲ್ಲುತ್ತೆ. ಅವರಲ್ಲಿ ಎಷ್ಟು ಮನೆಯವರು ಒಂದು ಪಟ್ಟಿಯಲ್ಲೂ ಇಲ್ಲ ಅಂತ ಮುಂದಿನ ಕೆಡಿಪಿ ಸಭೆಯಲ್ಲಿ ನಮ್ಮ ಜಿಲ್ಲಾ ವರದಿಗಾರರು ಕೇಳಲಿದ್ದಾರೆ. ಯಾವ ಇಲಾಖೆಯ ಅಧಿಕಾರಿ ಎದ್ದು ನಿಂತು ಉತ್ತರ ಕೊಡ್ತಾರೋ, ಅಷ್ಟನ್ನೇ ಕಟ್ ಮಾಡಿ ಹಾಕ್ತೀವಿ.